17ನೇ ಪ್ರಶ್ನೆಗೆ ಪುಟ್ಟಿ ಬರೆದದ್ದೇ ಸರಿ

ಭಾವ, ತೀರ್ಥಹಳ್ಳಿ: ಪುಟ್ಟಿಯ ಕೋಚಿಂಗ್ ಶೀಟಿನ ಫೋಟೋ ಹಾಕಿದ್ದೇನೆ, ನೋಡಿ. ಇಂಗ್ಲಿಷಿನಲ್ಲಿ ತಪ್ಪು ಹುಡುಕುವ 20 ಪ್ರಶ್ನೆಗೆ 6 ತಪ್ಪು. ಕನ್ನಡ ಮೀಡಿಯಂನಲ್ಲಿ ಓದಿಸಿದ್ದೇ ತಪ್ಪಾಯಿತು.

ನಾನು: ಭಾವ, 17ನೆಯದನ್ನು ದೊಡ್ಡದು ಮಾಡಿ ನೋಡಿ. ‘ಶಿ ಕುಡ್ ನಾಟ್ ಕೋಪ್ ಅಪ್ ವಿತ್ ದ ವರ್ಕ್’. ಪುಟ್ಟಿ ‘ಅಪ್’ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾಳೆ. ಶೀಟಿನ ಉತ್ತರ ‘ನೋ ಎರರ್’ ಅಂತ, ಅದಕ್ಕೇ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದ್ದಾರೆ. ಅವಳು ಬರೆದದ್ದೇ ಸರಿ! ನಿಭಾಯಿಸುವುದಕ್ಕೆ ‘ಕೋಪ್ ವಿತ್’ ಅಷ್ಟೇ, ಮಧ್ಯೆ ‘ಅಪ್’ ಬರುವುದಿಲ್ಲ. ‘ಕೀಪ್ ಅಪ್ ವಿತ್’ ಅಂದರೆ ಹಿಂದೆ ಬೀಳದೆ ಸಮನಾಗಿ ಸಾಗುವುದು, ಅದು ಬೇರೆ, ಅದರ ಜೊತೆ ಇದು ಕಲಸಿಹೋಗಿದೆ.

ಚಿಕ್ಕಪ್ಪ, ಸಾಗರ: ನಮ್ಮ ಆಫೀಸಿನಲ್ಲಿ ಎಲ್ಲರೂ ‘ಕೋಪ್ ಅಪ್’ ಅಂತಲೇ ಬರೆದದ್ದು ಮಾರಾಯ್ತಿ. ಯಾರಿಗೂ ಅರ್ಥವಾಗದೆ ಹೋಗಲಿಲ್ಲ.

ನಾನು: ಅರ್ಥ ಆಗುತ್ತದೆ ಚಿಕ್ಕಪ್ಪ, ಇಲ್ಲ ಅಂದೆನಾ? ಆದರೆ ಅವಳು ಬರೆಯುವುದು ಎಸ್‌ಎಸ್‌ಸಿ ಸಿಜಿಎಲ್, ಪದವಿ ಆದವರಿಗೆ ಕೇಂದ್ರ ಸರ್ಕಾರದ ಕೆಲಸಕ್ಕೆ ನಡೆಸುವ ಪರೀಕ್ಷೆ. ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ. ಒಂದು ತಪ್ಪಾದರೆ ಬರಬೇಕಾದ 2 ಅಂಕವೂ ಹೋಯಿತು, ಮೇಲೆ 0.50 ಕಟ್. ಈ ಶೀಟ್ ನಂಬಿಕೊಂಡು ಓದಿದ ಮಕ್ಕಳ ಗತಿ ಏನು ಹೇಳಿ.

ಇನ್ನು ಕನ್ನಡ ಮೀಡಿಯಂ ಮಾತು. ಭಾವ, ಅದಕ್ಕೆ ನನಗೆ ನಿಜಕ್ಕೂ ಬೇಜಾರಾಯಿತು. ಉಳಿದ 5ರಲ್ಲಿ ಎರಡು ಕನ್ನಡದಿಂದ ಬಂದ ತಪ್ಪು, ಹೌದು. ‘ಡಿಸ್ಕಸ್ಡ್ ಅಬೌಟ್ ದ ಪ್ರಾಬ್ಲಮ್’ ಸರಿ ಅಂದುಕೊಂಡಿದ್ದಾಳೆ, ಯಾಕೆಂದರೆ ನಾವು ಸಮಸ್ಯೆಯ ‘ಬಗ್ಗೆ’ ಚರ್ಚೆ ಮಾಡುತ್ತೇವೆ. ಇಂಗ್ಲಿಷಿನಲ್ಲಿ ‘ಡಿಸ್ಕಸ್’ ಒಳಗೇ ಆ ‘ಬಗ್ಗೆ’ ಸೇರಿಕೊಂಡಿದೆ. ‘ಪ್ರಿಫರ್ ಕಾಫಿ ದ್ಯಾನ್ ಟೀ’ ಕೂಡ ಹಾಗೇ. ನಮಗೆ ಟೀಗಿಂತ ಕಷಾಯ ಇಷ್ಟ, ಆ ‘ಗಿಂತ’ವೇ ‘ದ್ಯಾನ್’ ಆಗಿಬಿಡುತ್ತದೆ. ಆದರೆ ‘ಪ್ರಿಫರ್’ ಆದ ಮೇಲೆ ‘ಟು’ ಬರಬೇಕು, ‘ಸೀನಿಯರ್’ ‘ಜೂನಿಯರ್’ಗೂ ‘ಟು’. ಹೀಗೆ ಕನ್ನಡ ಪಕ್ಕದಲ್ಲಿಟ್ಟು ಹೇಳಿಕೊಟ್ಟರೆ ಒಂದೇ ಸಲಕ್ಕೆ ತಲೆಗೆ ಹೋಗುತ್ತದೆ. ಶೀಟ್ ಮಾಡಿದವರಿಗೇ ಗೊತ್ತಾಗದ ‘ಅಪ್’ ಹಿಡಿದವಳು ಕನ್ನಡ ಮೀಡಿಯಂ ಹುಡುಗಿಯೇ ಅಲ್ವಾ? ಸುಮ್ನೆ ಅವಳನ್ನು ಬೈಯಬೇಡಿ.

ಭಾವ: ಬೈಯಲಿಲ್ಲ, ಹೆದರಿಕೆ ಅಷ್ಟೇ. ಫೀಸು ಜಾಸ್ತಿ ಕಟ್ಟಿದ್ದೇನಲ್ಲ. ಕೋಚಿಂಗಿನವರಿಗೆ ಹೇಳುವುದಾ?

ನಾನು: ಹೇಳಲೇಬೇಕು. ಡಿಕ್ಷನರಿ ಪುಟದ ಫೋಟೋ ಕಳಿಸುತ್ತೇನೆ, ಅದನ್ನೇ ತೋರಿಸಿ.

ಪುಟ್ಟಿ: ಚಿಕ್ಕಿ, 9ನೆಯದೂ ನೋಡು. ‘ನನ್ ಆಫ್ ದೆಮ್ ಆರ್’ ತಪ್ಪು ಅಂತ ಕೊಟ್ಟಿದ್ದಾರೆ.

ನಾನು: ಅಲ್ಲಿ ‘ಈಸ್’, ‘ಆರ್’ ಎರಡೂ ನಡೆಯುತ್ತದೆ ಪುಟ್ಟಿ. ಮಳೆಗೆ ಕರೆಂಟ್ ಹೋಗುವ ಮೊದಲು ಫೋನ್ ಚಾರ್ಜಿಗೆ ಹಾಕಿಟ್ಟುಕೋ, ಸಂಜೆ ಪೂರ್ತಿ ಶೀಟ್ ನೋಡೋಣ.