ಅತಿಶೀತಲ ಪೊಟ್ಯಾಸಿಯಂ-ರುಬಿಡಿಯಂ ಅಣು: ಲ್ಯಾಪ್‌ಟಾಪಿನಲ್ಲಿ ಲೆಕ್ಕ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ, ಮಡಿಕೇರಿ: ಎಂಎಸ್ಸಿ ಪ್ರಾಜೆಕ್ಟಿಗೆ ಅತಿಶೀತಲ ಪೊಟ್ಯಾಸಿಯಂ-40 ಮತ್ತು ರುಬಿಡಿಯಂ-87 ಸೇರಿ ಧ್ರುವೀಯ ಅಣು ಆಗುವುದನ್ನು ಲೆಕ್ಕ ಹಾಕಬೇಕು. ಮಳೆಗಾಲ ಕಳೆಯುವವರೆಗೆ ಮನೆಯಲ್ಲೇ ಕೆಲಸ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಇದೆ, ಕಕ್ಕಡದಲ್ಲಿ ಕರೆಂಟನ್ನು ನೆಚ್ಚುವಂತಿಲ್ಲ. ಪೊಟೆನ್ಶಿಯಲ್ ಕರ್ವ್ (ಪರಮಾಣುಗಳ ಅಂತರಕ್ಕೆ ತಕ್ಕ ಶಕ್ತಿಯ ಗೆರೆ) ನಾನೇ ಮೊದಲಿನಿಂದ ತೆಗೆಯಬೇಕೇ? ಸ್ಕ್ಯಾಟರಿಂಗ್ ಲೆಂತ್ (ಅತಿಶೀತಲ ಡಿಕ್ಕಿಯ ಬಲ ಹೇಳುವ ಉದ್ದ) ಅದರಿಂದ ಸಿಗುತ್ತದೆಯೇ? ಉತ್ತರ ಸರಿಯಿದೆ ಎಂದು ತಿಳಿಯುವುದು ಹೇಗೆ?

ಉತ್ತರ, ವಿರಾಜಪೇಟೆ: ಕರ್ವ್ ಆಮೇಲೆ. ಮೊದಲು ಕಂಪನ ಮಟ್ಟ ಬಿಡಿಸುವ ಪ್ರೋಗ್ರಾಂ ಬರೆಯಿರಿ, ರೋಹಿತದಿಂದ ಪಡೆದು ಪ್ರಕಟವಾಗಿರುವ ಕರ್ವ್ ಹಾಕಿ ಪರೀಕ್ಷಿಸಿ. ಅದರಲ್ಲಿ ಎಕ್ಸ್ ಸಿಂಗ್ಲೆಟ್ (ಎರಡು ಹೊರ ಎಲೆಕ್ಟ್ರಾನ್‌ಗಳ ಸ್ಪಿನ್ ವಿರುದ್ಧ ದಿಕ್ಕಿನ) ಸ್ಥಿತಿಯ ಆಳ ಸುಮಾರು 4218 ಸೆಂ.ಮೀ⁻¹, ಟ್ರಿಪ್ಲೆಟ್‌ನದು (ಸ್ಪಿನ್ ಒಂದೇ ದಿಕ್ಕು) 249. ಸಿಂಗ್ಲೆಟ್ ಬಾವಿಯ ತಳದಲ್ಲಿ ತರಂಗದ ಉದ್ದ 0.14 ಬೋರ್ (ಉದ್ದದ ಪರಮಾಣು ಮಾನ) ಮಾತ್ರ. ಆದ್ದರಿಂದ ಸಿಂಕ್-ಡಿವಿಆರ್ (ಸಮ ಅಂತರದ ಬಿಂದುಗಳ ಮೇಲೆ ಸಮೀಕರಣ ಬಿಡಿಸುವ ವಿಧಾನ) ಗ್ರಿಡ್‌ಗೆ ಹೆಜ್ಜೆ 0.06 ಬೋರ್ ಮೀರಬಾರದು. 5ರಿಂದ 300 ಬೋರ್‌ವರೆಗೆ 5000 ಬಿಂದು, ಮ್ಯಾಟ್ರಿಕ್ಸ್ 200 ಎಂಬಿ. ನಿಮ್ಮ ಯಂತ್ರಕ್ಕೆ ಭಾರವಲ್ಲ. ಹೆಜ್ಜೆಹೆಜ್ಜೆಯಾಗಿ ಬಿಡಿಸುವ ನ್ಯೂಮರೋವ್ ವಿಧಾನವಾದರೆ ಹೆಜ್ಜೆ 0.005ರ ಸುಮಾರಿಗೆ ಇಳಿಯಬೇಕು. ದ್ರವ್ಯರಾಶಿಗೆ ಪರಮಾಣುವಿನದನ್ನೇ ಹಾಕಿ, ನ್ಯೂಕ್ಲಿಯಸ್‌ನದನ್ನಲ್ಲ. ಸಂಕುಚಿತ ದ್ರವ್ಯರಾಶಿ (ರೆಡ್ಯೂಸ್ಡ್ ಮಾಸ್) 27.376 ಬರುತ್ತದೆ, ಪರಮಾಣು ಮಾನಕ್ಕೆ ತರಲು 1822.888ರಿಂದ ಗುಣಿಸಿ. ಅತಿ ಕೆಳಗಿನ ಮಟ್ಟದ ಭ್ರಮಣ ಸ್ಥಿರಾಂಕ (ರೊಟೇಷನಲ್ ಕಾನ್ಸ್ಟಂಟ್) 1.114 ಗಿಗಾಹರ್ಟ್ಸ್ ಬಂದರೆ ಯೂನಿಟ್‌ಗಳು ಸರಿಯಿವೆ.

ಕುಶಾಲನಗರ: ಸ್ವಂತ ಕರ್ವ್ ತೆಗೆಯುವಾಗ ಟ್ರಿಪ್ಲೆಟ್ ಮೊದಲು. ಅದು ಎಲ್ಲ ಅಂತರದಲ್ಲೂ ಒಂದೇ ಡಿಟರ್ಮಿನೆಂಟ್ (ಎಲೆಕ್ಟ್ರಾನ್‌ಗಳ ಒಂದೇ ಜೋಡಣೆ), ಹಾಗಾಗಿ ಅಂಥ ಒಂದು ಜೋಡಣೆಯಿಂದ ಹೊರಡುವ ವಿಧಾನ ಸಿಸಿಎಸ್‌ಡಿ(ಟಿ) ನಂಬಬಹುದು. ಸಿಂಗ್ಲೆಟ್‌ಗೆ ಅದೇ ವಿಧಾನ ಹಾಕಿದರೆ ಬಂಧ ಬಿಡುವ ಕಡೆ ಕರ್ವ್ ಕೆಡುತ್ತದೆ. ಅಲ್ಲಿ ಹಲವು ಜೋಡಣೆಗಳಿಂದ ಹೊರಡುವ ಎಂಆರ್‌ಸಿಐ ಬೇಕು. ಎಂಆರ್‌ಸಿಐನಲ್ಲಿ ಎರಡು ಪರಮಾಣುಗಳ ಶಕ್ತಿಯನ್ನು ಬೇರೆಬೇರೆ ತೆಗೆದು ಕೂಡಿಸಬೇಡಿ, ಜೋಡಿಯನ್ನೇ 60 ಬೋರ್‌ನಲ್ಲಿಟ್ಟು ಆ ಶಕ್ತಿಯನ್ನು ಸೊನ್ನೆ ಎಂದುಕೊಳ್ಳಿ. ಕೋರ್‌ಗೆ, ಅಂದರೆ ಒಳ ಎಲೆಕ್ಟ್ರಾನ್‌ಗಳ ಬದಲಿಗೆ, ಇಸಿಪಿ10ಎಂಡಿಎಫ್ ಮತ್ತು ಇಸಿಪಿ28ಎಂಡಿಎಫ್. ತಲಾ 9 ಎಲೆಕ್ಟ್ರಾನ್ ಉಳಿಯುತ್ತವೆ. ಕೌಂಟರ್‌ಪಾಯ್ಸ್ ತಿದ್ದುಪಡಿ (ಒಂದು ಪರಮಾಣು ಇನ್ನೊಂದರ ಫಲನಗಳನ್ನು ಬಳಸಿಕೊಳ್ಳುವ ತಪ್ಪು ಕಳೆಯುವುದು) ಬಿಡಬೇಡಿ: 249 ಸೆಂ.ಮೀ⁻¹ ಆಳದ ಬಾವಿಯಲ್ಲಿ ಕೆಲವೇ ಸೆಂ.ಮೀ⁻¹ ತಪ್ಪೂ ದೊಡ್ಡದು. ಬೇಸಿಸ್ (ಆರ್ಬಿಟಲ್ ಕಟ್ಟುವ ಫಲನಗಳು) ಸಾಕೇ ಎಂದು ನೋಡಲು ಒಂಟಿ ಪರಮಾಣುವಿನ ಪೋಲರೈಸಬಿಲಿಟಿ ತೆಗೆಯಿರಿ. ಪೊಟ್ಯಾಸಿಯಂಗೆ 290, ರುಬಿಡಿಯಂಗೆ 320 ಪರಮಾಣು ಮಾನ ಹತ್ತಿರ ಬರದಿದ್ದರೆ ದೂರದ ಆಕರ್ಷಣೆಯೂ ಸರಿ ಬರುವುದಿಲ್ಲ.

20-25 ಬೋರ್ ದಾಟಿದ ಮೇಲೆ ಕಂಪ್ಯೂಟರ್ ಕೊಟ್ಟ ಬಿಂದುಗಳನ್ನು ಬಿಟ್ಟು ಸಿ-6, ಸಿ-8, ಸಿ-10 ಸೂತ್ರ (ದೂರದ ಆಕರ್ಷಣೆಯ ಸರಣಿ) ಜೋಡಿಸಿ. ಸಿ-6 ಬೆಲೆ ಪರಮಾಣು ಮಾನದಲ್ಲಿ 4274. ಪೊಟೆನ್ಶಿಯಲ್ಲನ್ನು ಅಂತರದ ಆರನೇ ಘಾತದಿಂದ ಗುಣಿಸಿ ಗ್ರಾಫ್ ಎಳೆದರೆ ದೂರದಲ್ಲಿ ಗೆರೆ -4274ರತ್ತ ಚಪ್ಪಟೆಯಾಗಬೇಕು. ಜೋಡಿಸಿದ ಜಾಗದಲ್ಲಿ ಮುರುಕು ಕಂಡರೆ ಅಂಚಿನ ಮಟ್ಟಗಳೆಲ್ಲ ಸುಳ್ಳು.

ವಿರಾಜಪೇಟೆ: ಸ್ಕ್ಯಾಟರಿಂಗ್ ಲೆಂತ್ ಬಗ್ಗೆ ಬಿಡಿಸಿ ಹೇಳಬೇಕು, ಈ ವಿಷಯದಲ್ಲಿ ಹೆಚ್ಚಿನ ಪ್ರಾಜೆಕ್ಟುಗಳು ಎಡವುವುದು ಇಲ್ಲೇ. ಸ್ವಂತ ಕರ್ವ್‌ನಿಂದ ಅದು ಸಿಗುವುದಿಲ್ಲ. ಸಿಂಗ್ಲೆಟ್ ಬಾವಿಯಲ್ಲಿ ನೂರರಷ್ಟು ಕಂಪನ ಮಟ್ಟಗಳಿವೆ. ಆಳದಲ್ಲಿ ಶೇಕಡಾ 1 ತಪ್ಪಿದರೆ ಒಟ್ಟು ಫೇಸ್ (ಬಾವಿಯೊಳಗೆ ಹಿಡಿಯುವ ಅಲೆಗಳ ಮೊತ್ತ) ಶೇಕಡಾ ಅರ್ಧ ಸರಿಯುತ್ತದೆ, ಅಂದರೆ ಅರ್ಧ ಮಟ್ಟ. ಅಷ್ಟು ಸಾಕು, ಸ್ಕ್ಯಾಟರಿಂಗ್ ಲೆಂತ್‌ನ ಚಿಹ್ನೆಯೇ ತಿರುಗಬಹುದು. ಶೇಕಡಾ 1 ಎಂದರೆ 42 ಸೆಂ.ಮೀ⁻¹, ಒಳ್ಳೆಯ ಲೆಕ್ಕದಲ್ಲೂ ಬರುವಂಥ ತಪ್ಪು. ಹಾಗಾಗಿ ಕರ್ವ್‌ನ ಒಳಗೋಡೆಯನ್ನು ಸ್ವಲ್ಪ ಸರಿಸಿ, ಪ್ರಯೋಗದ ಬೆಲೆಗೆ ಹೊಂದಿಸುವುದೇ ರೂಢಿಯ ದಾರಿ: ಸಿಂಗ್ಲೆಟ್‌ಗೆ ಸುಮಾರು -110 ಬೋರ್, ಟ್ರಿಪ್ಲೆಟ್‌ಗೆ ಸುಮಾರು -215. ಹೊಂದಿಸಿದ್ದನ್ನು ವರದಿಯಲ್ಲಿ ಬರೆಯಲೇಬೇಕು. ಸಿ-6 ಮತ್ತು ದ್ರವ್ಯರಾಶಿಯಿಂದಷ್ಟೇ ನಿಜವಾಗಿ ಸಿಗುವುದು ಸರಾಸರಿ ಸ್ಕ್ಯಾಟರಿಂಗ್ ಲೆಂತ್: 0.478 ಗುಣಿಸು (2 × ಸಂಕುಚಿತ ದ್ರವ್ಯರಾಶಿ × ಸಿ-6)ರ ನಾಲ್ಕನೇ ಮೂಲ, ಇಲ್ಲಿ 68.7 ಬೋರ್.

ಫೆಶ್‌ಬಾಕ್ ರೆಸೊನೆನ್ಸ್‌ಗೆ (ಕಾಂತಕ್ಷೇತ್ರ ತಿರುಗಿಸಿ ಪರಮಾಣು ಜೋಡಿಯನ್ನು ಸಡಿಲ ಅಣುವಾಗಿಸುವ ಜಾಗ) ಮೋಲ್‌ಸ್ಕ್ಯಾಟ್, ಬೌಂಡ್, ಫೀಲ್ಡ್ ಪ್ರೋಗ್ರಾಂಗಳು ಉಚಿತ. ಗುರಿ 546.7 ಗಾಸ್. ಎಸ್-ತರಂಗಕ್ಕೆ (ಸುತ್ತುವಿಕೆ ಇಲ್ಲದ ಡಿಕ್ಕಿ), ಸ್ಪಿನ್ ಅಂಶದ ಮೊತ್ತ, ಅಂದರೆ ಒಟ್ಟು ಎಂ, -7/2 ಇರುವಾಗ 12 ಚಾನೆಲ್ (ಸ್ಪಿನ್ ಸ್ಥಿತಿಗಳ ಜೋಡಿ) ಬರಬೇಕು, ಎಣಿಸಿ ನೋಡಿ. ಪೊಟ್ಯಾಸಿಯಂ-40ರ ಹೈಪರ್‌ಫೈನ್ ಸ್ಥಿರಾಂಕ ಋಣ, -285.7 ಮೆಗಾಹರ್ಟ್ಸ್. ಚಿಹ್ನೆ ಮರೆತರೆ ಎಫ್=7/2 ಕೆಳಗೆ ಹೋಗಿ ರೆಸೊನೆನ್ಸ್ ಎಲ್ಲೋ ಕಾಣಿಸುತ್ತದೆ.

ಸೋಮವಾರಪೇಟೆ: ಫೆಶ್‌ಬಾಕ್ ಅಣುವಿಗೆ ಡೈಪೋಲ್ ಇಲ್ಲವೆಂದೇ ಹೇಳಬಹುದು, ಪರಮಾಣುಗಳು ಅಷ್ಟು ದೂರ. ಅದನ್ನು ತಳಕ್ಕೆ ಇಳಿಸುವುದು ಸ್ಟಿರಾಪ್, ಎರಡು ಲೇಸರ್ ಪಲ್ಸ್‌ಗಳ ವಿಧಾನ. ಕೊಲರಾಡೊದ ಜಿಲಾ ಸಂಶೋಧನಾ ಸಂಸ್ಥೆಯಲ್ಲಿ 2008ರಲ್ಲಿ 968 ಮತ್ತು 690 ನ್ಯಾನೊಮೀಟರ್ ಲೇಸರ್‌ಗಳಿಂದ ಹೀಗೆ ಇಳಿಸಿದರು. ಸಿಮ್ಯುಲೇಷನ್‌ನಲ್ಲಿ 690ರ ಪಲ್ಸ್ ಮೊದಲು, 968ರದು ಆಮೇಲೆ. ನಡುವಿನ ಸ್ಥಿತಿಯಲ್ಲಿ ಸಿಂಗ್ಲೆಟ್-ಟ್ರಿಪ್ಲೆಟ್ ಬೆರಕೆ ಇರಲೇಬೇಕು, ಅದಕ್ಕೆ ಸ್ಪಿನ್-ಆರ್ಬಿಟ್ ಲೆಕ್ಕ. ದೂರದ ಅಂತರದಲ್ಲಿ ಬಿ ಟ್ರಿಪ್ಲೆಟ್ ಪೈ ಸ್ಥಿತಿಯ ಕರ್ಣದ ಅಂಶ 79.2 ಸೆಂ.ಮೀ⁻¹ಗೆ ಹೋಗಬೇಕು, ರುಬಿಡಿಯಂ 5ಪಿ ಸೀಳಿಕೆ 237.6ರ ಮೂರನೇ ಒಂದು. ಫ್ರಾಂಕ್-ಕಾಂಡನ್ (ಎರಡು ಕಂಪನ ತರಂಗಗಳ ಹೊಂದಿಕೆ) ಮಾತ್ರ ನೋಡಿದರೆ ಸಾಲದು, ಅಂತರದೊಂದಿಗೆ ಬದಲಾಗುವ ಟ್ರಾನ್ಸಿಷನ್ ಡೈಪೋಲನ್ನು ಒಳಗಿಟ್ಟೇ ಇಂಟಿಗ್ರೇಟ್ ಮಾಡಿ. ಬಿಂದುವಿಂದ ಬಿಂದುವಿಗೆ ಅದರ ಚಿಹ್ನೆ ಸುಮ್ಮನೆ ಅದಲುಬದಲಾಗುತ್ತದೆ. ಸ್ಪ್ಲೈನ್ ಹಾಕುವ ಮೊದಲೇ ಸರಿಪಡಿಸಿ.

ತಳದ ಮಟ್ಟದಲ್ಲಿ ಡೈಪೋಲ್ 0.566 ಡಿಬೈ ಹತ್ತಿರ ಬರಬೇಕು. 5 ಕಿಲೊವೋಲ್ಟ್/ಸೆಂ.ಮೀ. ಕ್ಷೇತ್ರದಲ್ಲಿ ಹೊರಗೆ ಕಾಣುವುದು ಸುಮಾರು 0.2 ಮಾತ್ರ.

ಮಡಿಕೇರಿ: ಸೋಡಿಯಂ-ರುಬಿಡಿಯಂ ಡೈಪೋಲ್ 3.2 ಡಿಬೈ ಅಲ್ಲವೇ, ಅದನ್ನೇ ತೆಗೆದುಕೊಂಡರೆ?

ಸೋಮವಾರಪೇಟೆ: ತೆಗೆದುಕೊಳ್ಳಬಹುದು. ಸಿ-6 2683, ಸರಾಸರಿ ಸ್ಕ್ಯಾಟರಿಂಗ್ ಲೆಂತ್ 55 ಬೋರ್. ಎರಡು ಅಣು ಡಿಕ್ಕಿಯಾದರೂ ರಾಸಾಯನಿಕ ಕ್ರಿಯೆ ನಡೆಯದು, ಪೊಟ್ಯಾಸಿಯಂ-ರುಬಿಡಿಯಂನಲ್ಲಾದರೆ ಸುಮಾರು 10 ಸೆಂ.ಮೀ⁻¹ ಶಕ್ತಿ ಬಿಟ್ಟು ನಡೆಯುತ್ತದೆ. ಆದರೂ ಮೊದಲ ಪ್ರಾಜೆಕ್ಟಿಗೆ ಹೋಲಿಸಿ ನೋಡಲು ಅಳತೆಗಳು ಹೆಚ್ಚಿರುವ ಪೊಟ್ಯಾಸಿಯಂ-ರುಬಿಡಿಯಂ ಬಿಡಬೇಡಿ.

ಗೋಣಿಕೊಪ್ಪ: ಕರೆಂಟಿನ ಮಾತು. ಕರ್ವ್‌ನ ಒಂದೊಂದು ಅಂತರಕ್ಕೂ ಬೇರೆ ಇನ್‌ಪುಟ್, ಬೇರೆ ಔಟ್‌ಪುಟ್ ಫೈಲ್ ಇಡಿ. ಮರ ಬಿದ್ದು ಲೈನ್ ಹೋದರೆ ಒಂದೇ ಬಿಂದು ಹೋಗುತ್ತದೆ. ಹತ್ತಿರದ ಬಿಂದುವಿನ ಆರ್ಬಿಟಲ್‌ಗಳಿಂದ ಶುರು ಮಾಡಿದರೆ ಬೇಗ ಮುಗಿಯುತ್ತದೆ, ಕರ್ವ್ ಬೇರೆ ಸ್ಥಿತಿಗೆ ಹಾರುವುದೂ ತಪ್ಪುತ್ತದೆ. ದೊಡ್ಡ ಬೇಸಿಸ್‌ನ ಕೆಲಸ ಕಾಲೇಜಿನ ಯಂತ್ರಕ್ಕೆ ಕಳಿಸಿ. ವಾಪಸ್ ಬರಬೇಕಾದದ್ದು ಅಂತರ ಮತ್ತು ಶಕ್ತಿಯ ಎರಡು ಕಾಲಂ, ಕೆಲವೇ ಕೆಬಿ, ಸಿಗ್ನಲ್ ಒಂದು ಕಡ್ಡಿ ಇದ್ದರೂ ಇಳಿಯುತ್ತದೆ. ಶಕ್ತಿಯನ್ನು ದಶಮಾಂಶದ ನಂತರ ಕನಿಷ್ಠ 10 ಅಂಕಿಗಳವರೆಗೆ ಬರೆಸಿ, 6ಕ್ಕೇ ನಿಲ್ಲಿಸಿದರೆ ಕೊನೆಯ ಅಂಕಿಯೊಂದೇ 0.2 ಸೆಂ.ಮೀ⁻¹ ಆಗುತ್ತದೆ.