ಪದಚರ್ಚೆ: 'ವಿಲೇವಾರಿ' ಎಂದರೆ ಇಟ್ಟುಕೊಳ್ಳುವುದೋ, ಇಟ್ಟುಬಿಡುವುದೋ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಹುಡುಕುತ್ತಿದ್ದೇನೆ. ಅದು ಬೇಕಾಗಿರುವ ವಾಕ್ಯವನ್ನೇ ಮೊದಲು ನಿಮ್ಮ ಮುಂದಿಡುತ್ತೇನೆ.

"ವಿಲೇವಾರಿ ಮಾಡಿದ್ದ ಪೀಪಾಯಿಗಳನ್ನು ಹೊರತೆಗೆದು, ಸಂಸ್ಕರಿಸಿ, ಮರುಪ್ಯಾಕ್ ಮಾಡಿ, ಸಂಗ್ರಹಿಸಿಟ್ಟು, ನಂತರ ವಿಲೇವಾರಿ ಮಾಡಬೇಕಾಗಿದೆ."

ಧಾರವಾಡದಲ್ಲಿ ನಾವು ಕೆಲವರು ಸೇರಿ ಪಿಯುಸಿ ಓದುವ ಮಕ್ಕಳಿಗಾಗಿ ಪರಮಾಣು ವಿದ್ಯುತ್ತಿನ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇವೆ. ಪಕ್ಕದ ಉತ್ತರ ಕನ್ನಡ ಜಿಲ್ಲೆಯಲ್ಲೇ ಕೈಗಾ ಇದೆ. ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳು ಅಲ್ಲಿವೆ. ಹಾಗಾಗಿ ನಮ್ಮ ಕಡೆಯ ಮಕ್ಕಳು ಮೊದಲು ಕೇಳುವುದೇ "ಅಲ್ಲಿ ಕಸಾ ಏನ್ ಮಾಡ್ತಾರ್ರೀ ಸರ?" ಎಂದು. ಅದಕ್ಕೊಂದು ಅಧ್ಯಾಯ ಇಟ್ಟಿದ್ದೇವೆ. ಮೇಲಿನ ವಾಕ್ಯ ಬರುವುದು ಅಲ್ಲೇ.

ಅದು ಜರ್ಮನಿಯ ಆಸ್ಸೆ ಎಂಬ ಹಳೆಯ ಉಪ್ಪಿನ ಗಣಿಯ ಕತೆ. 1967ರಿಂದ 1978ರವರೆಗೆ ಕಡಿಮೆ ಮಟ್ಟದ ಮತ್ತು ಮಧ್ಯಮ ಮಟ್ಟದ ವಿಕಿರಣ ತ್ಯಾಜ್ಯದ ಸುಮಾರು 1,26,000 ಪೀಪಾಯಿಗಳನ್ನು ಆ ಗಣಿಗೆ ಇಳಿಸಿದರು. ಮುಂದೆ ಗಣಿಯೊಳಗೆ ನೀರು ಜಿನುಗತೊಡಗಿತು. 2013ರಲ್ಲಿ ಅಲ್ಲಿಯ ಸಂಸತ್ತು ಕಾನೂನು ಮಾಡಿ, ಅದನ್ನೆಲ್ಲ ಮತ್ತೆ ಮೇಲೆತ್ತಬೇಕು ಎಂದಿತು.

ಕರಡು ಓದಿದ ಗದಗಿನ ಶಿಕ್ಷಕಿಯೊಬ್ಬರು ಫೋನ್ ಮಾಡಿದರು. "ಒಮ್ಮೆ ವಿಲೇವಾರಿ ಆತು ಅಂದಮ್ಯಾಲ ಮತ್ತ ಯಾಕ ತೆಗೀತಾರ್ರೀ? ಒಂದ ವಸ್ತು ಎರಡ ಸಲ ಹ್ಯಾಂಗ ವಿಲೇವಾರಿ ಆಗ್ತದ?" ಎಂದು ಕೇಳಿದರು. ಅವರು ತಡವರಿಸಿದ ಜಾಗದಲ್ಲಿ ಮಕ್ಕಳೂ ತಡವರಿಸುತ್ತಾರೆ. ಅದಕ್ಕೇ ಈ ಪತ್ರ.

ನಾವು 'ವಿಲೇವಾರಿ'ಯನ್ನು ಎಲ್ಲೆಲ್ಲಿ ಬಳಸುತ್ತೇವೆ ನೋಡಿ. ಕಡತ ವಿಲೇವಾರಿ, ಅರ್ಜಿ ವಿಲೇವಾರಿ, ಪ್ರಕರಣ ವಿಲೇವಾರಿ, ಕಸ ವಿಲೇವಾರಿ. ಮರಾಠಿಯವರ 'ವಿಲ್ಹೇವಾಟ'ವೂ ಇದೇ ದಾರಿಯದು. ಎಲ್ಲ ಕಡೆಯೂ ಒಂದೇ ಭಾವ: ನಮ್ಮ ಮೇಜಿನಿಂದ ಹೋಯಿತು, ನಮ್ಮ ಓಣಿಯಿಂದ ಹೋಯಿತು, ಕೆಲಸ ಮುಗಿಯಿತು. ಎಲ್ಲಿಗೆ ಹೋಯಿತು, ಈಗ ಹೇಗಿದೆ, ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಈ ಪದ ಹೇಳುವುದಿಲ್ಲ. ಮನೆ ಬಾಗಿಲಲ್ಲಿ ಕಸ ಎತ್ತುವುದೂ ವಿಲೇವಾರಿ, ಊರ ಹೊರಗೆ ಸುರಿಯುವುದೂ ವಿಲೇವಾರಿ. ಕಡತಕ್ಕೆ ಇದು ಸಾಕು. ವಿಕಿರಣ ತ್ಯಾಜ್ಯಕ್ಕೆ ಸಾಲದು.

ಯಾಕೆ ಸಾಲದು? ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಎರಡು ಮಾತುಗಳನ್ನು ಬೇರೆಬೇರೆ ಇಟ್ಟಿದೆ. ಮುಂದೆ ತೆಗೆಯುವ ಉದ್ದೇಶದಿಂದ ಇಟ್ಟರೆ ಸ್ಟೋರೇಜ್. ತೆಗೆಯುವ ಉದ್ದೇಶ ಇಲ್ಲದೆ ಇಟ್ಟರೆ ಡಿಸ್ಪೋಸಲ್. ಪೀಪಾಯಿ ಅದೇ ಇರಬಹುದು. ಸುತ್ತಲಿನ ಕಾಂಕ್ರೀಟ್ ಗೋಡೆಯೂ ಅಂಥದ್ದೇ ಇರಬಹುದು. ಬದಲಾಗುವುದು ಉದ್ದೇಶ. ಆದರೆ ಉದ್ದೇಶ ಬದಲಾದರೆ ಉಳಿದದ್ದೆಲ್ಲ ಬದಲಾಗುತ್ತದೆ. ಸ್ಟೋರೇಜಿನಲ್ಲಿ ಮನುಷ್ಯರು ಬೇಕು. ಪೀಪಾಯಿಗೆ ತುಕ್ಕು ಹಿಡಿಯಿತೇ, ಉಬ್ಬಿತೇ, ಸೋರಿತೇ ಎಂದು ನೋಡುತ್ತಿರಬೇಕು. ಅದಕ್ಕೆ ಪ್ರತಿವರ್ಷ ದುಡ್ಡು ಬೇಕು. ಡಿಸ್ಪೋಸಲ್‌ನಲ್ಲಿ ಹಾಗಲ್ಲ. ಒಂದು ಕಾಲದ ನಂತರ ಕಾಯುವವರು ಇಲ್ಲದಿದ್ದರೂ ಕಲ್ಲು, ಜೇಡಿ, ಕಾಂಕ್ರೀಟೇ ಅದನ್ನು ಹಿಡಿದಿಟ್ಟುಕೊಳ್ಳಬೇಕು. ತ್ಯಾಜ್ಯದಲ್ಲಿರುವ ಸೀಸಿಯಂ-137 ಎಂಬ ವಿಕಿರಣ ಧಾತುವಿನ ಅರ್ಧಾಯುಷ್ಯ, ಅಂದರೆ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಸುಮಾರು 30 ವರ್ಷ. ಹತ್ತು ಅರ್ಧಾಯುಷ್ಯ ಕಳೆದರೆ, ಅಂದರೆ 300 ವರ್ಷಕ್ಕೆ, ಅದು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪ್ಲುಟೋನಿಯಂ-239ಕ್ಕೆ ಅರ್ಧ ಇಳಿಯಲೇ ಸುಮಾರು 24,000 ವರ್ಷ ಬೇಕು. ಅಷ್ಟು ಕಾಲ ಕಾವಲುಗಾರರನ್ನು ನಂಬಿ ಕೂರಲು ಆಗುವುದಿಲ್ಲ, ಅಲ್ವಾ? ಹೀಗಾಗಿ 'ಇಟ್ಟಿದ್ದೇವೆ' ಮತ್ತು 'ಕೊನೆಯದಾಗಿ ಇಟ್ಟೆವು' ಎಂಬುದರ ನಡುವಿನ ಅಂತರ ಓದುವ ಮಗುವಿಗೆ ಕಾಣಲೇಬೇಕು. ನನ್ನ ಒತ್ತಾಯ ಇಷ್ಟೇ.

ಬೇರೆಯವರು ಇದನ್ನು ಬಿಗಿಯಾಗಿ ಹಿಡಿದಿದ್ದಾರೆ. ಫ್ರಾನ್ಸಿನವರು ತಾತ್ಕಾಲಿಕವಾಗಿ ಇಡುವುದಕ್ಕೆ 'ಆಂಟ್ರಪೊಸಾಜ್' ಎನ್ನುತ್ತಾರೆ, ಕೊನೆಯದಾಗಿ ಇಡುವುದಕ್ಕೆ 'ಸ್ಟೊಕಾಜ್'. 2006ರ ಅವರ ಕಾನೂನಿನಲ್ಲಿ ಎರಡಕ್ಕೂ ಬೇರೆಬೇರೆ ವಿವರಣೆ ಇದೆ. ನಮ್ಮ ಕಿವಿಗೆ ಸ್ಟೊಕಾಜ್ ಎಂದರೆ ಅಂಗಡಿಯ ಸ್ಟಾಕ್ ನೆನಪಾಗುತ್ತದೆ. ಅವರಿಗೆ ಅದೇ ಕೊನೆಯ ಜಾಗ. ಜರ್ಮನರದು ಇನ್ನೂ ಸರಳ: 'ತ್ಸ್ವಿಶೆನ್‌ಲಾಗರ್' ಅಂದರೆ ನಡುವಿನ ಗೋದಾಮು, 'ಎಂಡ್‌ಲಾಗರ್' ಅಂದರೆ ಕೊನೆಯ ಗೋದಾಮು.

ಕನ್ನಡದಲ್ಲಿ ಈ ಭೇದ ಇಲ್ಲ ಎಂದು ಮಾತ್ರ ಯಾರೂ ಹೇಳಬೇಡಿ. ನಮ್ಮ ಕ್ರಿಯಾಪದದಲ್ಲೇ ಇದೆ. 'ಇಟ್ಟುಕೊಳ್ಳು' ಎಂದರೆ ನಮ್ಮ ಹತ್ತಿರ, ನಮ್ಮ ಜವಾಬ್ದಾರಿಯಲ್ಲಿ. ಬೇಕಾದಾಗ ಕೈಗೆ ಸಿಗಬೇಕು. 'ಇಟ್ಟುಬಿಡು' ಎಂದರೆ ಆ ಕೆಲಸ ಅಲ್ಲಿಗೆ ತೀರಿತು. ಆ ಒಂದು 'ಬಿಡು' ಇಡೀ ವಿವರಣೆಯನ್ನು ಹೊತ್ತಿದೆ. ಹುಬ್ಬಳ್ಳಿ ಬಸ್ಸಿನಲ್ಲಿ ಯಾರನ್ನು ಕೇಳಿದರೂ ಎರಡರ ವ್ಯತ್ಯಾಸ ಹೇಳುತ್ತಾರೆ. ತೊಂದರೆ ಬರುವುದು ಇದನ್ನು ನಾಮಪದ ಮಾಡುವಾಗ. 'ಇಟ್ಟುಬಿಡುವಿಕೆ' ಎಂದು ಬರೆದು ನೋಡಿದೆ. ನಾಲಿಗೆಗೆ ಹತ್ತುವುದಿಲ್ಲ.

'ಹೂಳುವುದು' ಎನ್ನಬಹುದು, ನಮ್ಮ ಕಡೆಯ ಮಾತಿನಲ್ಲಿ 'ಹುಗಿಯುವುದು'. ಆದರೆ ಎಲ್ಲವನ್ನೂ ಹೂಳುವುದಿಲ್ಲ. ಫ್ರಾನ್ಸಿನ ಓಬ್‌ನಲ್ಲಿ 1992ರಿಂದ ನೆಲದ ಮೇಲೆಯೇ ಕಾಂಕ್ರೀಟ್ ಕೋಣೆ ಕಟ್ಟಿ, ತುಂಬಿಸಿ ಮುಚ್ಚುತ್ತಿದ್ದಾರೆ. ಕೊನೆಗೆ ಮೇಲೆ ಜೇಡಿಮಣ್ಣಿನ ಹೊದಿಕೆ ಬರುತ್ತದೆ. ಅದೂ ಡಿಸ್ಪೋಸಲ್ಲೇ. ಹಾಗೆಯೇ ಹೂತದ್ದೆಲ್ಲ ಡಿಸ್ಪೋಸಲ್ ಆಗಬೇಕೆಂದೂ ಇಲ್ಲ.

ಇಲ್ಲೇ 'ಹಗೇವು', ಅಂದರೆ ನೆಲದಡಿ ಕಾಳು ಕೂಡಿಡುವ ಗುಂಡಿಯ ವಿಚಾರ ಬಂತು. ನಮ್ಮ ಅಣುಸ್ಥಾವರಗಳ ಆವರಣದಲ್ಲಿ ಕಾಂಕ್ರೀಟ್ ಗೋಡೆಯ, ಬಾವಿಯಂಥ ಗುಂಡಿಗಳಿರುತ್ತವೆ. ಹೆಚ್ಚು ವಿಕಿರಣ ಸೂಸುವ ಘನ ತ್ಯಾಜ್ಯವನ್ನು ಅವುಗಳಲ್ಲಿ ಇಳಿಸಿ ಮುಚ್ಚುತ್ತಾರೆ. ಅಲ್ಲಿಯವರು 'ಟೈಲ್ ಹೋಲ್' ಎನ್ನುತ್ತಾರೆ. ಹಾವೇರಿಯ ಗೆಳೆಯರೊಬ್ಬರು "ಇದಕ್ಕೆ ಹಗೇವು ಅನ್ನೋಣ, ಹಳ್ಳಿ ಹುಡುಗರಿಗೆ ಥಟ್ಟನೆ ತಿಳಿಯುತ್ತೆ" ಎಂದರು. ಆಕಾರಕ್ಕೆ ಸರಿಯೇ. ಆದರೆ ನಾನು ಒಪ್ಪಲಿಲ್ಲ. ಹಗೇವಿನಲ್ಲಿ ಜೋಳ ಹಾಕುವುದು ಬರಗಾಲದಲ್ಲಿ ತೆಗೆದು ಉಣ್ಣಲು. ತೆರೆಯುವ ದಿನಕ್ಕಾಗಿಯೇ ಅದನ್ನು ಮುಚ್ಚುತ್ತಾರೆ. ಟೈಲ್ ಹೋಲ್ ಇರುವುದು ತೆರೆಯದಿರಲು. ಇಂಥ ಒಳ್ಳೆಯ ಪದವನ್ನು ತಿರುಗುಮುರುಗು ಅರ್ಥಕ್ಕೆ ಹಚ್ಚಿದರೆ ಎರಡೂ ಕೆಡುತ್ತವೆ.

ಸದ್ಯಕ್ಕೆ ನನ್ನ ಮನಸ್ಸು ಒಪ್ಪಿರುವುದು ಹೀಗೆ. ಸ್ಟೋರೇಜಿಗೆ 'ಕಾವಲು ಗೋದಾಮು'. ಗೋದಾಮು ಎಪಿಎಂಸಿಗೆ ಹೋಗುವ ರೈತನಿಗೂ ಗೊತ್ತು. ಕಾವಲು ಎಂದಾಗ ಅಲ್ಲಿ ಮನುಷ್ಯ ಇರಬೇಕು ಎಂಬುದೂ ಬಂತು. ಡಿಸ್ಪೋಸಲ್‌ಗೆ 'ಕೊನೆನೆಲೆ'. ನೆಲೆ ಎಂದರೆ ಬಂದು ಹೋಗುವ ಜಾಗವಲ್ಲ, ಉಳಿಯುವ ಜಾಗ. ನೆಲದ ಮೇಲಿದ್ದರೂ ಕೊನೆನೆಲೆ, ಪಾತಾಳದಲ್ಲಿದ್ದರೂ ಕೊನೆನೆಲೆ. ಹೀಗೆ ಮಾಡಿದರೆ ಆಸ್ಸೆಯ ವಾಕ್ಯ ಬಿಡಿಸಿಕೊಳ್ಳುತ್ತದೆ: "ಕೊನೆನೆಲೆ ಎಂದುಕೊಂಡು ಇಟ್ಟುಬಿಟ್ಟಿದ್ದ ಪೀಪಾಯಿಗಳನ್ನು ಈಗ ಮೇಲೆತ್ತಬೇಕು. ಹದ ಮಾಡಿ, ಹೊಸದಾಗಿ ಕಟ್ಟಿ, ಕಾವಲು ಗೋದಾಮಿನಲ್ಲಿ ಇಟ್ಟುಕೊಳ್ಳಬೇಕು. ಬೇರೆ ಕೊನೆನೆಲೆ ಸಿದ್ಧವಾದ ಮೇಲೆ ಅಲ್ಲಿಗೆ ಒಯ್ಯಬೇಕು." ಇದನ್ನು ಗದಗಿನ ಶಿಕ್ಷಕಿಗೆ ಓದಿ ಹೇಳಿದೆ. ಅವರು ಮತ್ತೆ ಪ್ರಶ್ನೆ ಕೇಳಲಿಲ್ಲ. ಆದರೂ ನಿಮ್ಮಲ್ಲಿ ಇದಕ್ಕಿಂತ ಒಳ್ಳೆಯದಿದ್ದರೆ ಬಿಟ್ಟುಕೊಡಲು ಸಿದ್ಧ.

ನಮ್ಮ ರಾಜ್ಯಕ್ಕೇ ಸೇರಿದ ಒಂದು ಉದಾಹರಣೆ ಕೊಡುತ್ತೇನೆ. ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು ಒಂದು ಸಾವಿರ ಮೀಟರ್ ಆಳದಲ್ಲಿ, 1980ರ ದಶಕದಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಒಂದು ಪ್ರಯೋಗ ಮಾಡಿದ್ದರು. ತ್ಯಾಜ್ಯದ ಬದಲು ವಿದ್ಯುತ್ ಹೀಟರ್‌ಗಳಿಂದ ಬಂಡೆಯನ್ನು ಕಾಯಿಸಿ, ಶಾಖಕ್ಕೆ ಅದು ಏನಾಗುತ್ತದೆ ಎಂದು ನೋಡುವ ಪ್ರಯೋಗ ಅದು. 2012ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ತ್ಯಾಜ್ಯ ಕೆಜಿಎಫ್‌ಗೆ ಬರುತ್ತದೆ ಎಂಬ ಸುದ್ದಿ ಹಬ್ಬಿ ಜನ ಬೀದಿಗಿಳಿದರು. ಸರ್ಕಾರ ಅಂಥ ಯೋಜನೆ ಇಲ್ಲ ಎಂದಿತು. ಪ್ರಯೋಗ, ಇಟ್ಟುಕೊಳ್ಳುವುದು, ಇಟ್ಟುಬಿಡುವುದು, ಈ ಮೂರೂ ಬೇರೆ. ಜನ ಹೆದರಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಯಾವುದಕ್ಕೆ ಹೆದರಬೇಕು, ಯಾರನ್ನು ಏನು ಕೇಳಬೇಕು ಎಂದು ತಿಳಿಯಲು ಬೇರೆಬೇರೆ ಪದಗಳು ಬೇಕು.

ಎರಡನೆಯ ತೊಡಕು 'ಸಂಸ್ಕರಣೆ'. ಕೊಳಚೆ ನೀರು ಸಂಸ್ಕರಿಸಿದರೆ ಕೊಳಚೆ ಹೋಗುತ್ತದೆ. ಅದೇ ನಿರೀಕ್ಷೆಯಲ್ಲಿ ಓದುವವರು 'ಸಂಸ್ಕರಿಸಿದ ವಿಕಿರಣ ತ್ಯಾಜ್ಯ' ಎಂದರೆ ಅಪಾಯ ಕಳೆದ ತ್ಯಾಜ್ಯ ಎಂದುಕೊಳ್ಳುತ್ತಾರೆ. ವಿಕಿರಣವನ್ನು ತೊಳೆದು ಇಲ್ಲವಾಗಿಸಲು ಆಗುವುದಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಬಹುದು, ಕಡಿಮೆ ಜಾಗಕ್ಕೆ ಒಟ್ಟಬಹುದು. ಮುಂಬೈನ ಟ್ರಾಂಬೆಯ ಪರಮಾಣು ಕೇಂದ್ರದಲ್ಲಿ ಮಧ್ಯಮ ಮಟ್ಟದ ದ್ರವ ತ್ಯಾಜ್ಯವನ್ನು ರೆಸಿನ್ ಎಂಬ ರಾಳದಂಥ ಕಾಳುಗಳ ಮೂಲಕ ಹಾಯಿಸುತ್ತಾರೆ. ಸೀಸಿಯಂ ರೆಸಿನ್ನಿಗೆ ಅಂಟಿಕೊಳ್ಳುತ್ತದೆ. ಅದನ್ನು ಆಮ್ಲದಿಂದ ಬಿಡಿಸಿ ಗಾಜಿನೊಳಗೆ ಸೇರಿಸಲು ಕಳಿಸುತ್ತಾರೆ. ಸೀಸಿಯಂ ಎಲ್ಲಿಯೂ ಹೋಗಲಿಲ್ಲ, ಮನೆ ಬದಲಿಸಿತು ಅಷ್ಟೇ. ಇನ್ನೊಂದು ಗೊಂದಲವೂ ಇದೆ. ಉರಿಸಿದ ಇಂಧನದಿಂದ ಪ್ಲುಟೋನಿಯಂ ಬೇರ್ಪಡಿಸುವುದಕ್ಕೆ ಆಗಲೇ 'ಮರುಸಂಸ್ಕರಣೆ' ಎನ್ನುತ್ತಿದ್ದೇವೆ. ಹಳೆಯ ಪೀಪಾಯಿಯ ತ್ಯಾಜ್ಯವನ್ನು ಮತ್ತೊಮ್ಮೆ ಸಂಸ್ಕರಿಸಿದರೆ ಅದಕ್ಕೆ ಏನೆನ್ನಬೇಕು?

ಬೇರ್ಪಡಿಸುವುದು, ಸುಡುವುದು, ಆವಿಯಾಗಿಸುವುದು, ಜಜ್ಜಿ ಚಿಕ್ಕದು ಮಾಡುವುದು, ಇವಕ್ಕೆ ಆಯಾ ಕೆಲಸದ ಹೆಸರನ್ನೇ ಬರೆಯೋಣ ಎಂದಿದ್ದೇನೆ. ಅದರ ಮುಂದಿನ ಹಂತಕ್ಕೆ, ಅಂದರೆ ಸಿಮೆಂಟಿನಲ್ಲೋ ಪಾಲಿಮರಿನಲ್ಲೋ ಹಿಡಿದು, ಸಾಗಿಸಲು ಇಡಲು ತಕ್ಕ ಹಾಗೆ ಮಾಡುವುದಕ್ಕೆ, 'ಹದ ಮಾಡುವುದು' ಎಂಬುದು ನನಗೆ ಬಹಳ ಹಿಡಿಸಿದೆ. ಎರೆಹೊಲ ಹದಕ್ಕೆ ಬರುತ್ತದೆ, ಚರ್ಮ ಹದ ಮಾಡುತ್ತಾರೆ. ಎರಡರಲ್ಲೂ ವಸ್ತು ಇದ್ದದ್ದೇ ಇರುತ್ತದೆ, ಮುಂದಿನ ಕೆಲಸಕ್ಕೆ ತಯಾರಾಗುತ್ತದೆ. ಇಂಗ್ಲಿಷಿನ 'ಕಂಡಿಷನಿಂಗ್'ಗೆ ಹೇಳುವ 'ಅನುಕೂಲನ'ಕ್ಕಿಂತ ಇದು ಎಷ್ಟೋ ಮೇಲು.

ಮರುಪ್ಯಾಕಿಂಗ್ ಕಡೆಗೆ ಬರೋಣ. ಇದರಲ್ಲಿ ಎರಡು ಬೇರೆ ಕೆಲಸಗಳಿವೆ. ಹಳೆಯ ಪೀಪಾಯಿಯನ್ನು ತೆರೆಯದೆ ದೊಡ್ಡದೊಂದರೊಳಗೆ ಇಡುವುದು ಒಂದು. ಇದಕ್ಕೆ 'ಮೇಲ್ಕವಚ' ಸಾಕು. ತೆರೆದು, ಒಳಗಿನದನ್ನು ನೋಡಿ, ವಿಂಗಡಿಸಿ, ಬೇರೆ ಪೀಪಾಯಿಗೆ ತುಂಬುವುದು ಇನ್ನೊಂದು. ಇದಕ್ಕೆ 'ಬಿಚ್ಚಿಕಟ್ಟು' ಎಂದು ಬರೆದಿದ್ದೇನೆ. ಅಪಾಯ ಜಾಸ್ತಿ ಇರುವುದು ಎರಡನೆಯದರಲ್ಲಿ. ಅಮೆರಿಕದ ಕಾರ್ಲ್ಸ್‌ಬ್ಯಾಡ್ ಬಳಿ, 655 ಮೀಟರ್ ಆಳದ ಉಪ್ಪಿನ ಪದರದಲ್ಲಿ, ಪ್ಲುಟೋನಿಯಂನಂಥ ಧಾತುಗಳು ಸೇರಿದ ತ್ಯಾಜ್ಯವನ್ನು ಕೊನೆಯದಾಗಿ ಇಡುತ್ತಾರೆ. 2014ರ ಫೆಬ್ರವರಿ 14ರಂದು ಅಲ್ಲಿ ಒಂದು ಪೀಪಾಯಿ ಒಳಗಿಂದ ಬಿಸಿಯಾಗಿ ಬಾಯಿ ಬಿಟ್ಟಿತು. ಅದು ಅಮೆರಿಕದ್ದೇ ಪರಮಾಣು ಪ್ರಯೋಗಾಲಯವಾದ ಲಾಸ್ ಅಲಾಮೋಸ್‌ನಲ್ಲಿ ಬಿಚ್ಚಿಕಟ್ಟಿದ ಪೀಪಾಯಿ. ಒಳಗೆ ನೈಟ್ರೇಟ್ ಲವಣ ಇತ್ತು. ತೇವ ಹೀರಿಕೊಳ್ಳಲು ಜೇಡಿಮಣ್ಣಿನಂಥ ನಿರವಯವ ಪುಡಿ ಹಾಕಬೇಕಿತ್ತು. ಕೆಲಸದ ವಿಧಾನ ಬರೆದ ಕಾಗದದಲ್ಲಿ 'ಸಾವಯವ' ಎಂದು ಬಂತು. ಗೋಧಿಯಿಂದ ಮಾಡಿದ, ಬೆಕ್ಕು ಸಾಕುವವರು ಬಳಸುವ ಪುಡಿ ಹಾಕಿದರು. ನೈಟ್ರೇಟಿನ ಜೊತೆ ಅದು ಇಂಧನವಾಯಿತು. ಇಡೀ ಕೇಂದ್ರ ಸುಮಾರು ಮೂರು ವರ್ಷ ಮುಚ್ಚಿತ್ತು. 2017ರ ಜನವರಿಯಲ್ಲಿ ಮತ್ತೆ ಕೆಲಸ ಶುರುವಾಯಿತು. ಸಾವಯವ ಎಂದರೆ ನಮ್ಮ ಸಂತೆಯಲ್ಲಿ ಒಳ್ಳೆಯದು, ವಿಷ ಇಲ್ಲದ್ದು. ಕೈಪಿಡಿಯಲ್ಲಿ ಈ ಪದ ಬಂದಾಗ ರಸಾಯನಶಾಸ್ತ್ರದ ಅರ್ಥವನ್ನು (ಇಂಗಾಲದ ಸಂಯುಕ್ತಗಳಿಂದಾದದ್ದು) ಅಲ್ಲೇ ಪಕ್ಕದಲ್ಲಿ ಬಿಡಿಸಿ ಬರೆಯಲಿದ್ದೇನೆ.

'ಮಧ್ಯಮ ಮಟ್ಟ'ದ ಬಗ್ಗೆಯೂ ಒಂದು ಮಾತು. ಮಧ್ಯಮ ಎಂದರೆ ಪರವಾಗಿಲ್ಲ ಎಂಬ ಭಾವ ಬರುತ್ತದೆ. ಹಾಗಲ್ಲ. ಮುಟ್ಟುವಂತಿಲ್ಲ, ದಪ್ಪ ಗೋಡೆಯ ಮರೆ ಬೇಕು. ಉನ್ನತ ಮಟ್ಟಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಶಾಖ. ಇದನ್ನು ತಣ್ಣಗಿಡಲು ಬೇರೆ ಏರ್ಪಾಡು ಬೇಕಾಗುವುದಿಲ್ಲ, ಬೇಕಾದರೂ ಅಲ್ಪಸ್ವಲ್ಪ. ಹೆಸರು ಬದಲಿಸುವುದು ಬೇಡ, ಒಂದು ಸಾಲಿನ ವಿವರಣೆ ಸಾಕು ಅನ್ನಿಸುತ್ತದೆ.

ಇನ್ನು ಎರಡು ಸಣ್ಣ ಪದಗಳಿಗೆ ನಿಮ್ಮ ನೆರವು ಬೇಕು. ಇಂಗ್ಲೆಂಡಿನ ಪರಮಾಣು ಕೇಂದ್ರವಾದ ಸೆಲ್ಲಾಫೀಲ್ಡ್‌ನಲ್ಲಿ 200 ಲೀಟರಿನ ಪೀಪಾಯಿಗಳನ್ನು ಯಂತ್ರದಲ್ಲಿ ಜಜ್ಜಿ ಚಪ್ಪಟೆ ಮಾಡುತ್ತಾರೆ. ಅವನ್ನು ಒಂದರ ಮೇಲೊಂದು 500 ಲೀಟರಿನ ಪೀಪಾಯಿಗೆ ಇಳಿಸಿ, ಸಂದಿಗಳಿಗೆ ತೆಳು ಸಿಮೆಂಟ್ ಸುರಿಯುತ್ತಾರೆ. ಆ ಚಪ್ಪಟೆಯಾದ ಪೀಪಾಯಿಗಳಿಗೆ 'ಬಿಲ್ಲೆ' ಎಂದು ಬರೆದಿದ್ದೇನೆ. ಯಾರಿಗಾದರೂ ತಕರಾರು ಇದೆಯೇ? ಸುರಿಯುವ ಸಿಮೆಂಟಿಗೆ ಮಾತ್ರ ಪದ ಸಿಕ್ಕಿಲ್ಲ. 'ಗಚ್ಚು' ಎಂದರೆ ಗಟ್ಟಿಯಾದ ಮೇಲಿನದು, 'ಗಿಲಾವು' ಗೋಡೆಗೆ ಬಳಿಯುವುದು. ಗೌಂಡಿಗಳು ಸಿಮೆಂಟನ್ನು ನೀರಾಗಿ ಕಲಸಿ ಬಿರುಕಿಗೆ ಬಿಡುತ್ತಾರಲ್ಲ, ಅದಕ್ಕೆ ನಿಮ್ಮ ಊರಲ್ಲಿ ಏನನ್ನುತ್ತಾರೆ? ಗದಗ, ರಾಣೆಬೆನ್ನೂರು, ಶಿಗ್ಗಾವಿ ಕಡೆಯವರು ದಯವಿಟ್ಟು ಗೌಂಡಿಗಳನ್ನೇ ಕೇಳಿ ತಿಳಿಸಿ. ಯಾವ ಊರಿನ ಬಳಕೆ ಎಂದೂ ಜೊತೆಗೆ ಬರೆಯಿರಿ.