ಟೂತ್‌ಬ್ರಷ್ ಗಂಟಲಿಗೆ ಚುಚ್ಚಿದೆ, ರಕ್ತ ನಿಂತಿದೆ. ಸುಮ್ನೆ ಇರಬಹುದಾ?

ಪ್ರಶ್ನೆ (ಡೊಂಬಿವಲಿಯಿಂದ ಒಬ್ಬ ತಾಯಿ):
ಡಾಕ್ಟ್ರೇ, ಮಗಳಿಗೆ 3 ವರ್ಷ. ಬೆಳಗ್ಗೆ ಬ್ರಷ್ ಬಾಯಲ್ಲಿ ಇಟ್ಟುಕೊಂಡೇ ಮಂಚದ ಮೇಲೆ ಕುಣಿಯುತ್ತಿದ್ದಳು, ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದಳು. ಕೈಗೆ ಸಿಕ್ಕಿದ ಟವೆಲ್ ಕೆಂಪಾಯಿತು. ಐದು ನಿಮಿಷಕ್ಕೆ ರಕ್ತ ನಿಂತಿತು. ಟಾರ್ಚ್ ಹಾಕಿ ನೋಡಿದೆ, ಕಿರುನಾಲಿಗೆಯ ಎಡಕ್ಕೆ, ಟಾನ್ಸಿಲ್ ಹತ್ತಿರ, ಅಕ್ಕಿಕಾಳಿನಷ್ಟು ಗಾಯ. ಹತ್ತಿರದ ಕ್ಲಿನಿಕ್‌ನಲ್ಲಿ ಬಾಯಿ ತೆರೆಸದೆಯೇ ಸಿರಪ್ ಬರೆದುಕೊಟ್ಟರು. ಬೆರಳಲ್ಲಿ ಅರಿಶಿನ ಹಚ್ಚು ಅಂತಾರೆ ಅತ್ತೆ. ಈಗ ಹಾಲು ಕುಡಿದು ಆಡುತ್ತಿದ್ದಾಳೆ.

ಉತ್ತರ (ಕಿವಿ-ಮೂಗು-ಗಂಟಲು ವೈದ್ಯೆ):
ಹಾಲು ಕುಡಿದಿದ್ದಾಳೆ ಅನ್ನೋದು ಒಳ್ಳೆಯದು. ಆದರೂ ಇವತ್ತೇ ಇಎನ್‌ಟಿ ವೈದ್ಯರಿಗೆ ತೋರಿಸಿ, ನಾಳೆಗೆ ಬಿಡಬೇಡಿ. ಅಂಗುಳದ ನಡುವಿನ ಸಣ್ಣ ಗಾಯ ಸಾಮಾನ್ಯವಾಗಿ ಹೊಲಿಗೆಯಿಲ್ಲದೆ ತಾನೇ ಮಾಯುತ್ತದೆ. ಟಾನ್ಸಿಲ್ ಪಕ್ಕದ್ದು ಹಾಗಲ್ಲ. ಅದರ ಹಿಂದೆಯೇ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಇದೆ. ಬ್ರಷ್ ಒಳಗೆ ಹೋಗದಿದ್ದರೂ, ಗುದ್ದಿದ ಪೆಟ್ಟಿಗೇ ನಾಳದ ಒಳಪದರ ಸೀಳಿ ರಕ್ತ ಹೆಪ್ಪುಗಟ್ಟಬಹುದು. ಅಪರೂಪ, ಆದರೆ ಲಕ್ಷಣ ಕೆಲವು ಗಂಟೆ, ಕೆಲವೊಮ್ಮೆ 2-3 ದಿನ ಬಿಟ್ಟು ಕಾಣುತ್ತದೆ. ಅಗತ್ಯ ಅನ್ನಿಸಿದರೆ ಕತ್ತಿನ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ.

ಗಾಯಕ್ಕೆ ಬೆರಳು, ಹತ್ತಿ, ಅರಿಶಿನ ಯಾವುದೂ ಬೇಡ. ಅತ್ತೆಯವರಿಗೆ ಸಮಾಧಾನವಾಗಿ ಹೇಳಿ, ಹುಣ್ಣು ಕೆದಕಿದರೆ ಮತ್ತೆ ರಕ್ತ ಬರುತ್ತದೆ. ಆ ಬ್ರಷ್ ತೆಗೆದು ನೋಡಿ, ಇಡಿಯಾಗಿದೆಯಾ? ತುದಿ ಮುರಿದಿದ್ದರೆ ಚೂರು ಒಳಗೇ ಇರಬಹುದು. ಆಸ್ಪತ್ರೆಗೆ ಅದನ್ನೂ ಒಯ್ಯಿರಿ.

ಒಂದು ಕೈ ಅಥವಾ ಕಾಲು ಸೋತಂತೆ ಆದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಉಸಿರಾಟಕ್ಕೆ ಕಷ್ಟವಾದರೆ, ಮತ್ತೆ ರಕ್ತ ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಕತ್ತು ಊದಿ, ಒತ್ತಿದರೆ ಚರಚರ ಅಂದರೆ ಗಾಳಿ ಸೋರಿದೆ ಅಂತ ಅರ್ಥ. ಜ್ವರ, ಕತ್ತು ತಿರುಗಿಸದಿರುವುದು, ನುಂಗಲಾಗದೆ ಜೊಲ್ಲು ಸುರಿಯುವುದು ಕೀವಿನ ಸೂಚನೆ. ಇವಕ್ಕೂ ಕಾಯಬೇಡಿ.

ಇನ್ನೊಬ್ಬ ಸದಸ್ಯೆ (ಪುಣೆ):
ಮೇಡಂ, ಪೆನ್ಸಿಲ್ ಚುಚ್ಚಿಕೊಂಡೇ ನಿಂತಿದ್ದರೆ ಎಳೆದು ತೆಗೆಯೋದಾ?

ಉತ್ತರ:
ಬೇಡವೇ ಬೇಡ. ನಾಳಕ್ಕೆ ಬಿರಡೆಯ ಹಾಗೆ ಅದೇ ಅಡ್ಡ ನಿಂತಿರಬಹುದು. ಅಲುಗಾಡದಂತೆ ಹಿಡಿದು, ಮಗುವನ್ನು ಕೂರಿಸಿಕೊಂಡೇ ಆಸ್ಪತ್ರೆಗೆ ಕರೆತನ್ನಿ.

ತಾಯಿ (ರಾತ್ರಿ):
ತೋರಿಸಿ ಬಂದೆವು. ಬ್ರಷ್ ಇಡಿಯಾಗಿದೆ. ಸ್ಕ್ಯಾನ್‌ನಲ್ಲಿ ನಾಳ ಸರಿಯಿದೆಯಂತೆ. ಏನು ಕೊಡಲಿ?

ಉತ್ತರ:
ತಣ್ಣಗಿನ ಹಾಲು, ಮೊಸರನ್ನ, ಮೆತ್ತಗಿನ ರಾಗಿ ಗಂಜಿ ಆರಿಸಿ ಕೊಡಿ. ಖಾರ, ಬಿಸಿ, ಚಕ್ಕುಲಿಯಂಥ ಗಟ್ಟಿ ತಿಂಡಿ ಒಂದು ವಾರ ಬೇಡ. ಮೂರು ದಿನ ಕಣ್ಣಿಟ್ಟಿರಿ. ನಾಳೆಯಿಂದ ಅವಳು ಬ್ರಷ್ ಮಾಡುವಾಗ ಸ್ಟೂಲ್ ಮೇಲೆ ಕೂರಿಸಿ, ಮುಗಿಯುವ ತನಕ ನೀವೂ ಪಕ್ಕದಲ್ಲೇ ಇರಿ.